ನೀಲಿ ಗೆರೆಯ ನಿಯಾನ್ ಗೋಬಿ: ಮೊದಲ ಕಡಲ ಅಕ್ವೇರಿಯಂಗೆ ತಕ್ಕ ಮೀನು

ಗಪ್ಪಿ, ಗೋಲ್ಡ್‌ಫಿಶ್, ಏಂಜೆಲ್ ಸಾಕಿ ಕೈ ಪಳಗಿದವರಿಗೆ ಒಂದಲ್ಲ ಒಂದು ದಿನ ಉಪ್ಪುನೀರಿನ ಟ್ಯಾಂಕ್ ಇಡುವ ಆಸೆ ಹುಟ್ಟುತ್ತದೆ. ಅಂಗಡಿಗೆ ಹೋದರೆ ಮೊದಲು ಕಣ್ಣು ಸೆಳೆಯುವುದು ಅಂಗೈಯಗಲದ ಟ್ಯಾಂಗ್, ಬಟರ್‌ಫ್ಲೈ, ಲಯನ್‌ಫಿಶ್. ದೊಡ್ಡ ಟ್ಯಾಂಕೂ ಅನುಭವವೂ ಇಲ್ಲದವರ ಮನೆಯಲ್ಲಿ ಇವು ಹೆಚ್ಚು ಕಾಲ ಬಾಳುವುದಿಲ್ಲ. ಮೀನು ಸಾಯುತ್ತದೆ, ದುಡ್ಡು ಹೋಗುತ್ತದೆ, ಆಸೆಯೂ ಕಮರುತ್ತದೆ. ಹೊಸಬರು ನೋಡಬೇಕಾದ ಮೀನು ಬೇರೆಯದು. ಕಿರುಬೆರಳಿಗಿಂತ ಚಿಕ್ಕದು, ಕಲ್ಲಿಗೆ ಅಂಟಿಕೊಂಡು ಕೂರುವಂಥದ್ದು, ಕಪ್ಪು ಮೈಮೇಲೆ ತಲೆಯಿಂದ ಬಾಲದವರೆಗೆ ಹೊಳೆಯುವ ನೀಲಿ ಗೆರೆ ಎಳೆದುಕೊಂಡದ್ದು. ಅದರ ಹೆಸರು ನಿಯಾನ್ ಗೋಬಿ.

ಕಡಲ ಅಕ್ವೇರಿಯಂ ಕಲಿಯಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಅದಕ್ಕೆ ಬೇಕಾದ ಜಾಗ ಕಡಿಮೆ, ತಿನ್ನುವುದರಲ್ಲಿ ಹಟವಿಲ್ಲ, ಸ್ವಭಾವ ಗಟ್ಟಿ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಮನುಷ್ಯರ ಟ್ಯಾಂಕಿನಲ್ಲೇ ಮೊಟ್ಟೆಯಿಟ್ಟು ಮರಿ ಮಾಡುವ ಮೀನು. ಹಾಗಾಗಿ ಕಡಲಿನಿಂದ ಒಂದನ್ನೂ ಕದಿಯದೆ ಇದನ್ನು ಸಾಕಬಹುದು. ಆದರೆ ಸಾಕುವ ಮೊದಲು ಅದು ಕಡಲಿನಲ್ಲಿ ಹೇಗೆ ಬದುಕುತ್ತದೆ ಎಂಬುದು ಗೊತ್ತಿರಬೇಕು. ಟ್ಯಾಂಕಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಆ ಬದುಕಿನಿಂದಲೇ ತಿಳಿಯುತ್ತದೆ.

ಗುರುತು ಹಿಡಿಯುವುದು ಹೇಗೆ?

ನಿಯಾನ್ ಗೋಬಿಯ ವೈಜ್ಞಾನಿಕ ಹೆಸರು ಎಲಕಟಿನಸ್ ಓಶಿಯನಾಪ್ಸ್. ಅಮೆರಿಕದ ಮತ್ಸ್ಯವಿಜ್ಞಾನಿ ಡೇವಿಡ್ ಸ್ಟಾರ್ ಜೋರ್ಡನ್ 1904ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ದಕ್ಷಿಣ ಫ್ಲಾರಿಡಾ, ಟೆಕ್ಸಸ್ ಕಡಲಾಚೆಯ ಹವಳದ ದಿಬ್ಬಗಳು, ಮೆಕ್ಸಿಕೋದ ಯುಕಟಾನ್, ಅಲ್ಲಿಂದ ಕೆಳಗೆ ಬೆಲೀಜ್ — ಇದರ ನೆಲೆ ಇಷ್ಟೇ. ನಮ್ಮ ಅರಬ್ಬಿ ಸಮುದ್ರದಲ್ಲಾಗಲಿ ಹಿಂದೂ ಮಹಾಸಾಗರದಲ್ಲಾಗಲಿ ಇದು ಇಲ್ಲ.

ಪೂರ್ತಿ ಬೆಳೆದರೂ ಉದ್ದ 5 ಸೆಂಟಿಮೀಟರ್. ಬೆನ್ನು ಕಪ್ಪು, ಹೊಟ್ಟೆ ಬಿಳಿ. ಎರಡೂ ಪಕ್ಕದಲ್ಲಿ ಒಂದೊಂದು ನೀಲಿ ಗೆರೆ ಕಣ್ಣಿನ ಮುಂದಿನಿಂದ ಹೊರಟು ಬಾಲದ ತುದಿಯ ಕಡೆಗೆ ಸಾಗುತ್ತದೆ. ಮೂತಿಯ ಮೇಲೆ ಆ ಎರಡು ಗೆರೆಗಳು ಒಂದಕ್ಕೊಂದು ಸೇರುವುದಿಲ್ಲ. ಈ ಗುರುತನ್ನು ನೆನಪಿಡಿ. ಇದೇ ಕುಲದ ಶಾರ್ಕ್‌ನೋಸ್ ಗೋಬಿಯಲ್ಲಿ ಮೂತಿಯ ಮೇಲೆ ಹಳದಿ ಗೆರೆಗಳು ಕೂಡಿಕೊಂಡು ಮೊನೆಯಾಗುತ್ತವೆ, ಬಾಯಿ ಮೂತಿಯ ಅಡಿಗೆ ಸರಿದಿರುತ್ತದೆ. ಅದೂ ಕೆರಿಬಿಯನ್ ಮೀನೇ, ಸಾಕಣೆಯ ಕ್ರಮವೂ ಬಹುಪಾಲು ಒಂದೇ.

ಎರಡು ಹೋಲಿಕೆಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಮೊದಲನೆಯದು ಕ್ಯಾಟಲೀನಾ ಗೋಬಿ. ಕೆಂಪು ಮೈ, ನೀಲಿ ಪಟ್ಟೆ, ಬಹಳ ಚೆಲುವಿನ ಮೀನು. ಆದರೆ ಅದು ಕ್ಯಾಲಿಫೋರ್ನಿಯಾದ ತಣ್ಣೀರಿನದು. ಬೆಚ್ಚಗಿನ ಟ್ಯಾಂಕಿಗೆ ಹಾಕಿದರೆ ಆಯುಸ್ಸು ಮೊಟಕಾಗುತ್ತದೆ. ಎರಡನೆಯದು ಕ್ಲೀನರ್ ರ‍್ಯಾಸ್. ತೆಳುನೀಲಿ ಮೈಮೇಲೆ ಕಪ್ಪು ಪಟ್ಟೆಯಿರುವ ಈ ಮೀನು ಲಕ್ಷದ್ವೀಪ, ಅಂಡಮಾನ್ ಹವಳಗಳಲ್ಲಿ ಸಾಮಾನ್ಯ. ಅದು ಗೋಬಿಯಲ್ಲ. ಸದಾ ಈಜುತ್ತಿರುತ್ತದೆ, ಕಲ್ಲಿಗೆ ಅಂಟಿ ಕೂರುವುದಿಲ್ಲ. ದಿನವಿಡೀ ನೂರಾರು ಮೀನುಗಳ ಮೈ ಶುಚಿ ಮಾಡಿ ಹೊಟ್ಟೆ ತುಂಬಿಸಿಕೊಳ್ಳುವ ಜೀವವಾದ್ದರಿಂದ ಮನೆಯ ಟ್ಯಾಂಕಿನಲ್ಲಿ ಹೆಚ್ಚಿನವು ಹಸಿದೇ ಸಾಯುತ್ತವೆ. ಅದನ್ನು ಕೊಳ್ಳದಿರುವುದೇ ಸರಿ.

ಹವಳದ ಮೇಲಿನ ಬದುಕು

ಗೋಬಿ ಕುಟುಂಬದ ಮೀನುಗಳ ಹೊಟ್ಟೆಯ ಕೆಳಗಿನ ಎರಡು ಈಜುರೆಕ್ಕೆಗಳು ಸಾಮಾನ್ಯವಾಗಿ ಕೂಡಿಕೊಂಡು ಪುಟ್ಟ ಬಟ್ಟಲಿನ ಆಕಾರ ಪಡೆದಿರುತ್ತವೆ. ಅದೇ ಅವುಗಳ ಹಿಡಿಕೆ. ಅಲೆ ಎಷ್ಟು ಎಳೆದರೂ ನಿಯಾನ್ ಗೋಬಿ ಹವಳದ ಮೇಲ್ಮೈಗೆ ಕಚ್ಚಿಕೊಂಡು ಕೂರಬಲ್ಲದು. ಆಳವಿಲ್ಲದ ನೀರಿನ ದೊಡ್ಡ ಮಿದುಳುಹವಳ ಮತ್ತು ನಕ್ಷತ್ರಹವಳಗಳ ನೆತ್ತಿಯೇ ಅದರ ಪ್ರಿಯ ಜಾಗ.

ಅಲ್ಲಿ ಕುಳಿತು ಅದು ಮಾಡುವ ಕೆಲಸ ಇತರ ಮೀನುಗಳ ಮೈ ಶುಚಿ ಮಾಡುವುದು. ನ್ಯಾತಿಡ್ ಎಂಬ ರಕ್ತ ಹೀರುವ ಸಣ್ಣ ಕಡಲ ಹುಳುಗಳು ಮೀನುಗಳ ಮೈ, ಕಿವಿರು, ರೆಕ್ಕೆಗಳಿಗೆ ಅಂಟಿಕೊಳ್ಳುತ್ತವೆ. ಅವುಗಳಿಂದ ಬೇಸತ್ತ ಮೀನುಗಳು ಗೋಬಿ ಇರುವ ಹವಳಕ್ಕೆ ಬರುತ್ತವೆ. ಬಂದ ಮೀನು ಒಂದೆಡೆ ಅಲುಗಾಡದೆ ನಿಲ್ಲುತ್ತದೆ, ಬಾಯಿ ತೆರೆಯುತ್ತದೆ, ಕಿವಿರಿನ ಮುಚ್ಚಳ ಅಗಲಿಸುತ್ತದೆ, ಕೆಲವೊಮ್ಮೆ ಬಣ್ಣವನ್ನೂ ಬದಲಿಸುತ್ತದೆ. ಗೋಬಿ ಅದರ ಮೈಮೇಲೆ ಹತ್ತಿ ಒಂದೊಂದೇ ಹುಳುವನ್ನು ಹೆಕ್ಕಿ ತಿನ್ನುತ್ತದೆ. ಬಾಯೊಳಗೆ ನುಗ್ಗಿ ಕಿವಿರಿನ ಸಂದಿಯಿಂದ ಹೊರಬರುವುದೂ ಉಂಟು. ಗಿಳಿಮೀನಿನಂಥ ಸಾಧುಗಳು ಮಾತ್ರವಲ್ಲ, ನಮ್ಮ ಕರಾವಳಿಯವರು ಮುರು ಎನ್ನುವ ಬಗೆಯ ಗ್ರೂಪರ್‌ಗಳೂ ಹಲ್ಲು ಮಸೆಯುವ ಮೊರೆ ಈಲ್‌ಗಳೂ ಹೀಗೆ ಬಂದು ನಿಲ್ಲುತ್ತವೆ. ಒಂದೇ ತುತ್ತಿಗೆ ನುಂಗಬಲ್ಲ ಮೀನು ಗೋಬಿಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕೆರಿಬಿಯನ್‌ನಲ್ಲಿ ಶಾರ್ಕ್‌ನೋಸ್ ಗೋಬಿಗಳನ್ನು ಗಮನಿಸಿದ ವಿಜ್ಞಾನಿಗಳಿಗೆ ಇನ್ನೊಂದು ಸಂಗತಿ ಕಂಡಿತು. ಬೇಟೆಗಾರ ಮೀನು ಬಂದಾಗ ಗೋಬಿ ಹಿಂಜರಿಯುವ ಬದಲು, ಬೇರೆ ಮೀನುಗಳ ಬಳಿಗೆ ಹೋಗುವುದಕ್ಕಿಂತ ಬೇಗನೆ ಅದರ ಬಳಿಗೆ ಹೋಗುತ್ತದೆ.

ಈ ಕೆಲಸದ ಬೆಲೆ ಎಷ್ಟು? ಅಮೆರಿಕದ ಜೀವವಿಜ್ಞಾನಿ ಕಾನ್ರಾಡ್ ಲಿಂಬಾ ಬಹಾಮಾಸ್‌ನ ಎರಡು ಸಣ್ಣ ಹವಳದ ದಿಬ್ಬಗಳಿಂದ ಶುಚಿಗಾರ ಜೀವಿಗಳನ್ನೆಲ್ಲ ತೆಗೆದು ನೋಡಿದರು. ಕೆಲವೇ ದಿನಗಳಲ್ಲಿ ಅಲ್ಲಿನ ಮೀನುಗಳ ಸಂಖ್ಯೆ ಇಳಿಯಿತು, ಉಳಿದವುಗಳ ಮೈಮೇಲೆ ಹುಣ್ಣು, ಬಿಳಿ ಕಲೆ ಕಾಣಿಸಿಕೊಂಡವು ಎಂದು 1961ರಲ್ಲಿ ಪ್ರಕಟವಾದ ಅವರ ಲೇಖನ ಹೇಳುತ್ತದೆ. ಆಮೇಲೆ ಬೇರೆಯವರು ಬೇರೆಡೆ ಮಾಡಿದ ಅಲ್ಪಾವಧಿಯ ಪ್ರಯೋಗಗಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಎಂಟೂವರೆ ವರ್ಷ ಕ್ಲೀನರ್ ರ‍್ಯಾಸ್ ಇಲ್ಲದಂತೆ ನೋಡಿಕೊಂಡ ದಿಬ್ಬಗಳಲ್ಲಿ ಮೀನುಗಳು ಕಡಿಮೆಯೂ ಗಾತ್ರದಲ್ಲಿ ಚಿಕ್ಕವೂ ಆಗಿದ್ದವು ಎಂದು 2011ರಲ್ಲಿ ವರದಿಯಾಯಿತು. ಶುಚಿಗಾರ ಮೀನು ಹವಳದ ಊರಿಗೆ ಬೇಕಾದ ಜೀವ ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ಗೋಬಿಗಳು ಬಹುಪಾಲು ಜೋಡಿಯಾಗಿ ಬದುಕುತ್ತವೆ. ಜೋಡಿಗೆ ಒಂದು ಇಕ್ಕಟ್ಟಾದ ಪೊಟರೆ ಇರುತ್ತದೆ. ಅದೇ ಅವುಗಳ ಮನೆ, ಅದೇ ಮೊಟ್ಟೆಯಿಡುವ ಜಾಗ. ಆಯುಸ್ಸು ಒಂದೆರಡು ವರ್ಷ. ಇಷ್ಟು ತಿಳಿದರೆ ಟ್ಯಾಂಕಿನ ಲೆಕ್ಕಾಚಾರ ಸುಲಭ: ಕಲ್ಲು ಬೇಕು, ಸಂದಿ ಬೇಕು, ಶುದ್ಧವಾದ ಹರಿಯುವ ನೀರು ಬೇಕು, ಹೆದರಿಸುವ ಸಂಗಾತಿ ಬೇಡ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು?

ಒಂದು ಗೋಬಿಗೆ 40 ಲೀಟರ್ ಸಾಕು ಎನ್ನುವುದುಂಟು. ಹೊಸಬರಿಗೆ ನನ್ನ ಸಲಹೆ ಅದಕ್ಕಿಂತ ದೊಡ್ಡದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ಕಡಿಮೆ ಬೇಡ. ನೀರು ಕಡಿಮೆಯಾದಷ್ಟೂ ಉಪ್ಪು, ಶಾಖ, ಕೊಳೆಗಳ ಏರುಪೇರು ಬೇಗ ಆಗುತ್ತದೆ. ಮೀನು ಚಿಕ್ಕದೆಂದು ಟ್ಯಾಂಕನ್ನು ಚಿಕ್ಕದು ಮಾಡಿದರೆ ಸಾಕುವವರಿಗೇ ಕಷ್ಟ ಹೆಚ್ಚು.

ಬೇಕಾಗುವ ಸಾಮಾನು ಇವು:

1. ನೀರು ಚಲಿಸುವಂತೆ ಮಾಡುವ ಸಣ್ಣ ಪಂಪ್. ಹೀರುವ ಬಾಯಿಗೆ ಸ್ಪಂಜು ಅಥವಾ ಜಾಳಿಗೆ ಕಟ್ಟಲೇಬೇಕು. ಗೋಬಿ ಎಂಥ ಸಂದಿಗೂ ನುಗ್ಗುತ್ತದೆ.
2. ಸ್ಪಂಜ್ ಫಿಲ್ಟರ್ ಅಥವಾ ಹಿಂಬದಿ ತೂಗುವ ಫಿಲ್ಟರ್. ಅನುಕೂಲವಿದ್ದರೆ ಪ್ರೋಟೀನ್ ಸ್ಕಿಮ್ಮರ್.
3. ಹೀಟರ್ ಮತ್ತು ಥರ್ಮಾಮೀಟರ್.
4. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೊಮೀಟರ್.
5. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ಪರೀಕ್ಷಿಸುವ ಟೆಸ್ಟ್ ಕಿಟ್.
6. ರಂಧ್ರಗಳಿರುವ ಒಣ ಕಲ್ಲು ಇಲ್ಲವೇ ಅಕ್ವೇರಿಯಂಗೆಂದೇ ತಯಾರಿಸಿದ ಸೆರಾಮಿಕ್ ಕಲ್ಲು, ಸಣ್ಣ ಮರಳು.
7. ಅರ್ಧ ಇಂಚಿನ ಪಿವಿಸಿ ಪೈಪಿನ ಬೆರಳುದ್ದದ ಎರಡು ಮೂರು ತುಂಡು. ಇವು ಗೋಬಿಯ ಮನೆ.
8. ಮೇಲೆ ಮುಚ್ಚಲು ಸಣ್ಣ ಕಣ್ಣಿನ ಬಲೆ.

ಈ ಮೀನಿಗೆ ದುಬಾರಿ ದೀಪ ಬೇಕಿಲ್ಲ. ಜೀವಂತ ಹವಳ ಇರಲೇಬೇಕೆಂದೂ ಇಲ್ಲ. ಕಲ್ಲು ಮತ್ತು ಸಂದಿ ಇದ್ದರೆ ಅದು ನೆಮ್ಮದಿಯಾಗಿರುತ್ತದೆ.

ನೀರು ಸಿದ್ಧ ಮಾಡುವ ಕ್ರಮ

ಅಡುಗೆ ಉಪ್ಪು, ಕಲ್ಲುಪ್ಪು ಎರಡೂ ಕೆಲಸಕ್ಕೆ ಬಾರವು. ಕಡಲ ನೀರಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು ಗೊತ್ತಾದ ಪ್ರಮಾಣದಲ್ಲಿ ಕರಗಿರುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಡಲ ಉಪ್ಪಿನ ಮಿಶ್ರಣವನ್ನೇ ಬಳಸಬೇಕು. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಬೇಕಾಗುತ್ತದೆ. ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಪಂಪ್ ಹಾಕಿ ಒಂದು ದಿನ ತಿರುಗಿಸಿ, ಅಳತೆ ನೋಡಿದ ಮೇಲೆ ಟ್ಯಾಂಕಿಗೆ ಸುರಿಯಿರಿ. ಮೀನು ಇರುವ ಟ್ಯಾಂಕಿಗೆ ನೇರವಾಗಿ ಉಪ್ಪು ಹಾಕಬಾರದು.

ಸಿಹಿನೀರಿನ ಮೂಲ ಬಹಳ ಮುಖ್ಯ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ಖನಿಜಗಳು ವಿಪರೀತ. ಆದ್ದರಿಂದ ಆರ್‌ಒ ನೀರೇ ಲೇಸು. ಮನೆಯ ಆರ್‌ಒ ಯಂತ್ರ ಕೊನೆಯ ಹಂತದಲ್ಲಿ ಖನಿಜ ಸೇರಿಸುವಂಥದ್ದಾದರೆ ಆ ಹಂತಕ್ಕೆ ಮೊದಲೇ ನೀರು ಹಿಡಿಯುವ ವ್ಯವಸ್ಥೆ ಮಾಡಿಕೊಳ್ಳಿ. ಟಿಡಿಎಸ್ ಸೊನ್ನೆಗೆ ಹತ್ತಿರವಾದಷ್ಟೂ ಪಾಚಿಯ ಕಾಟ ಕಡಿಮೆ.

ಕಾಯ್ದುಕೊಳ್ಳಬೇಕಾದ ಅಳತೆಗಳು:

- ಸಾಪೇಕ್ಷ ಸಾಂದ್ರತೆ: 1.024ರಿಂದ 1.026
- ಉಷ್ಣತೆ: 24ರಿಂದ 27 ಡಿಗ್ರಿ ಸೆಲ್ಸಿಯಸ್
- ಪಿಎಚ್: 8.1ರಿಂದ 8.4
- ಅಮೋನಿಯಾ ಮತ್ತು ನೈಟ್ರೈಟ್: ಸೊನ್ನೆ
- ನೈಟ್ರೇಟ್: 20 ಪಿಪಿಎಂಗಿಂತ ಕಡಿಮೆ

ಶಾಖದ ವಿಷಯದಲ್ಲಿ ಊರೂರಿಗೂ ಲೆಕ್ಕ ಬೇರೆ. ಬೆಂಗಳೂರು, ಮೈಸೂರುಗಳ ಚಳಿಗಾಲದ ರಾತ್ರಿಗಳಿಗೆ ಹೀಟರ್ ಬೇಕು. ಮಂಗಳೂರು, ಕಾರವಾರ, ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ತೊಂದರೆ ತಣಿಸುವುದರದ್ದು. ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು ಡಿಗ್ರಿಯಷ್ಟು ಇಳಿಸಬಹುದು. ಅದಕ್ಕೂ ಬಗ್ಗದಿದ್ದರೆ ಚಿಲ್ಲರ್ ಬೇಕಾಗುತ್ತದೆ. ಚಿಲ್ಲರ್‌ಗೆ ದುಡ್ಡಿಲ್ಲದಿದ್ದರೆ ಅಂಥ ಊರಿನಲ್ಲಿ ಈ ಟ್ಯಾಂಕ್ ಶುರು ಮಾಡಬೇಡಿ. ಕರೆಂಟು ಹೋದಾಗ ನಡೆಯುವಂತೆ ಬ್ಯಾಟರಿ ಏರ್ ಪಂಪ್ ಒಂದು ಕೈಯಳತೆಯಲ್ಲಿರಲಿ. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಪಂಪ್ ನಿಂತರೆ ಅದು ಬೇಗ ಮುಗಿಯುತ್ತದೆ.

ಇನ್ನೊಂದು ನಿಯಮವನ್ನು ಟ್ಯಾಂಕಿನ ಮೇಲೆ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ: ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಮಟ್ಟ ಇಳಿದಾಗ ಸೇರಿಸಬೇಕಾದ್ದು ಸಿಹಿನೀರು. ಪ್ರತಿ ಸಲ ಉಪ್ಪುನೀರು ಸುರಿಯುತ್ತ ಹೋದರೆ ಉಪ್ಪಿನಂಶ ಏರುತ್ತ ಹೋಗುತ್ತದೆ.

ಆರು ವಾರದ ತಾಳ್ಮೆ

ಟ್ಯಾಂಕಿಗೆ ನೀರು ತುಂಬಿದ ದಿನವೇ ಮೀನು ತರುವುದು ಹೊಸಬರು ಮಾಡುವ ಅತಿ ದೊಡ್ಡ ಅನಾಹುತ. ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಕಲ್ಲಿನ ರಂಧ್ರಗಳಲ್ಲಿ, ಸ್ಪಂಜಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಆ ಅವಧಿಯಲ್ಲಿ ಮೀನು ಹಾಕದೆ ಒಂದು ಸಣ್ಣ ಸಿಗಡಿ ತುಂಡನ್ನು ಟ್ಯಾಂಕಿನಲ್ಲಿ ಕೊಳೆಯಲು ಬಿಡಿ. ಎರಡು ದಿನಕ್ಕೊಮ್ಮೆ ಪರೀಕ್ಷೆ ಮಾಡುತ್ತಿರಿ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಕಾಣಿಸುತ್ತದೆ. ಮೊದಲಿನ ಎರಡೂ ಸೊನ್ನೆಗೆ ಬಂದು ಒಂದು ವಾರ ಹಾಗೇ ನಿಂತರೆ ಟ್ಯಾಂಕ್ ಸಿದ್ಧ. ಕಾಲು ಭಾಗ ನೀರು ಬದಲಿಸಿ ಮೀನು ಹುಡುಕಲು ಹೊರಡಿ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ

ಮೊದಲ ಪ್ರಶ್ನೆ ಒಂದೇ: ಇದು ಟ್ಯಾಂಕಿನಲ್ಲಿ ಹುಟ್ಟಿದ ಮೀನೋ, ಕಡಲಿನಲ್ಲಿ ಹಿಡಿದದ್ದೋ?

ಕಡಲ ಅಲಂಕಾರಿಕ ಮೀನುಗಳ ವ್ಯಾಪಾರದಲ್ಲಿ ಈಗಲೂ ಬಹುಪಾಲು ಜಾತಿಗಳು ಹವಳದ ದಿಬ್ಬಗಳಿಂದಲೇ ಬರುತ್ತವೆ. ನಿಯಾನ್ ಗೋಬಿ ಇದಕ್ಕೆ ಹೊರತಾದ ಕೆಲವೇ ಮೀನುಗಳಲ್ಲಿ ಒಂದು. ಫ್ಲಾರಿಡಾದ ಕಡಲ ಜೀವವಿಜ್ಞಾನಿ ಮಾರ್ಟಿನ್ ಮೋ 1970ರ ದಶಕದಲ್ಲಿ ಕ್ಲೌನ್‌ಫಿಶ್ ಜೊತೆಗೆ ಇದನ್ನೂ ಮಾರಾಟದ ಮಟ್ಟದಲ್ಲಿ ಮರಿ ಮಾಡಿಸಿದರು. ಪ್ಯಾಟ್ರಿಕ್ ಕಾಲಿನ್ ಈ ಗುಂಪಿನ ಮೀನುಗಳ ಬಗೆಗೆ 1975ರಲ್ಲಿ ಒಂದು ಇಡೀ ಪುಸ್ತಕವನ್ನೇ ಹೊರತಂದರು. ಇಂದು ಫ್ಲಾರಿಡಾದ ಫೋರ್ಟ್ ಪಿಯರ್ಸ್‌ನಲ್ಲಿರುವ ಓಆರ್‌ಎಯಂಥ ಹ್ಯಾಚರಿಗಳು ಇದನ್ನು ಬೆಳೆಸಿ ಮಾರುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇಂಥ ಮರಿಗಳು ಸುಲಭವಾಗಿ ಸಿಗುತ್ತವೆ.

ಭಾರತದಲ್ಲಿರುವವರು ಇನ್ನಷ್ಟು ಎಚ್ಚರದಿಂದ ಕೊಳ್ಳಬೇಕು. ಹೊರದೇಶದ ಜೀವಂತ ಮೀನು ತರಿಸಲು ಸರ್ಕಾರದ ಅನುಮತಿ ಬೇಕು. ಮೀನು ಎಲ್ಲಿಂದ ಬಂತು, ಕಾಗದಪತ್ರ ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಉತ್ತರ ತಡವರಿಸಿದರೆ ಕೊಳ್ಳಬೇಡಿ. ನಿಯಾನ್ ಗೋಬಿ ಸಿಗದಿದ್ದರೆ ಟ್ಯಾಂಕಿನಲ್ಲಿ ಹುಟ್ಟಿದ ಕ್ಲೌನ್‌ಫಿಶ್ ಜೋಡಿಯಿಂದ ಶುರು ಮಾಡಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್‌ಫಿಶ್ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಈ ಲೇಖನದ ಟ್ಯಾಂಕ್ ಮತ್ತು ನೀರಿನ ಸಲಹೆ ಅದಕ್ಕೂ ಒಪ್ಪುತ್ತದೆ. ಅದರ ದೇಹ ದೊಡ್ಡದಾದ್ದರಿಂದ ಟ್ಯಾಂಕ್ ಇನ್ನೂ ಸ್ವಲ್ಪ ಹಿರಿದಾಗಿದ್ದರೆ ಒಳ್ಳೆಯದು.

ಆರಿಸುವಾಗ ಮೀನಿನ ಹೊಟ್ಟೆ ಒಳಕ್ಕೆ ಬಿದ್ದಿರಬಾರದು, ಗೆರೆಯ ಹೊಳಪು ಮಾಸಿರಬಾರದು, ಉಸಿರಾಟ ಏದುಸಿರಿನಂತಿರಬಾರದು. ನಿಮ್ಮೆದುರಿಗೆ ಆಹಾರ ಹಾಕಿಸಿ, ತಿನ್ನುವುದನ್ನು ನೋಡಿಯೇ ಕೊಳ್ಳಿ.

ಮನೆಗೆ ತಂದ ಮೇಲೆ

ಮೊದಲು ಚೀಲವನ್ನು ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು ಶಾಖ ಸಮ ಮಾಡಿ. ಆಮೇಲೆ ಮೀನನ್ನು ಚೀಲದ ನೀರಿನ ಸಮೇತ ಸಣ್ಣ ಡಬ್ಬಿಗೆ ಸುರಿದು, ತೆಳ್ಳಗಿನ ಪೈಪಿನಲ್ಲಿ ಟ್ಯಾಂಕಿನ ನೀರನ್ನು ತೊಟ್ಟುತೊಟ್ಟಾಗಿ ಮುಕ್ಕಾಲು ಗಂಟೆ ಸೇರಿಸಿ. ಕೊನೆಗೆ ಮೀನನ್ನು ಮಾತ್ರ ಒಳಗೆ ಬಿಡಿ. ಚೀಲದ ನೀರು ಟ್ಯಾಂಕಿಗೆ ಹೋಗಕೂಡದು.

ಮುಖ್ಯ ಟ್ಯಾಂಕಿಗೆ ಬಿಡುವ ಮೊದಲು ನಾಲ್ಕು ವಾರ ಪ್ರತ್ಯೇಕವಾಗಿಡುವುದು ಕ್ಷೇಮ. ಅದಕ್ಕೆ 20–25 ಲೀಟರಿನ ಡಬ್ಬಿ, ಪಳಗಿದ ಸ್ಪಂಜ್ ಫಿಲ್ಟರ್, ಎರಡು ಪಿವಿಸಿ ತುಂಡು ಸಾಕು. ರೋಗ ಬಂದರೆ ಅಲ್ಲೇ ಕಾಣುತ್ತದೆ, ಅಲ್ಲೇ ಚಿಕಿತ್ಸೆ ಮಾಡಬಹುದು.

ಆಹಾರದ ಚಿಂತೆ ಬೇಡ. ಮೈ ಶುಚಿ ಮಾಡುವ ಮೀನೆಂದ ಮಾತ್ರಕ್ಕೆ ಅದಕ್ಕೆ ಹುಳುಗಳೇ ಬೇಕೆಂದಿಲ್ಲ. ಫ್ರೋಜನ್ ಮೈಸಿಸ್, ಬ್ರೈನ್ ಶ್ರಿಂಪ್, ನುಣ್ಣಗೆ ಹೆಚ್ಚಿದ ಹಸಿ ಸಿಗಡಿ, ಸಣ್ಣ ಕಾಳಿನ ಪೆಲೆಟ್ ಎಲ್ಲವನ್ನೂ ತಿನ್ನುತ್ತದೆ. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕಿ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸಿ. ಗಾಜಿನ ಪಾಚಿ ಒರೆಸಿ, ಸ್ಪಂಜನ್ನು ಹೊರತೆಗೆದ ಹಳೆಯ ಟ್ಯಾಂಕ್ ನೀರಿನಲ್ಲೇ ಹಿಂಡಿ. ನಲ್ಲಿ ನೀರಿನಲ್ಲಿ ತೊಳೆದರೆ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ.

ಸಂಗಾತಿಗಳಾಗಿ ಕ್ಲೌನ್‌ಫಿಶ್, ಫೈರ್‌ಫಿಶ್, ಸಣ್ಣ ಬ್ಲೆನ್ನಿಗಳು ಹೊಂದುತ್ತವೆ. ಲಯನ್‌ಫಿಶ್, ಗ್ರೂಪರ್, ಹಾಕ್‌ಫಿಶ್ ಬೇಡವೇ ಬೇಡ. ಕಡಲಿನಲ್ಲಿ ಶುಚಿಗಾರನನ್ನು ಗ್ರೂಪರ್ ಬಿಟ್ಟುಬಿಡುತ್ತದೆ ನಿಜ. ಇಕ್ಕಟ್ಟಾದ ಗಾಜಿನ ಪೆಟ್ಟಿಗೆಯಲ್ಲಿ ಆ ಒಪ್ಪಂದವನ್ನು ನಂಬಿ ಕೂರಲಾಗದು.

ಒಂದು ತಪ್ಪು ನಂಬಿಕೆಯನ್ನು ಇಲ್ಲಿ ತಿದ್ದಬೇಕು. ಗೋಬಿ ಇದ್ದರೆ ಬಿಳಿ ಚುಕ್ಕೆ ರೋಗ ತಾನೇ ವಾಸಿಯಾಗುತ್ತದೆ ಎಂದು ಹೇಳಿ ಮಾರುವವರಿದ್ದಾರೆ. ಆ ರೋಗ ತರುವ ಕ್ರಿಪ್ಟೊಕೇರಿಯಾನ್ ಎಂಬ ಪರಾವಲಂಬಿ ಮೀನಿನ ಹೊರಚರ್ಮದ ಒಳಗೆ ಸೇರಿಕೊಂಡಿರುತ್ತದೆ. ಗೋಬಿಯ ಬಾಯಿಗೆ ಅದು ಎಟುಕುವುದಿಲ್ಲ. ಗೋಬಿಗೂ ಅದೇ ರೋಗ ತಗಲುತ್ತದೆ. ಚಿಕಿತ್ಸೆಯನ್ನು ಪ್ರತ್ಯೇಕ ಡಬ್ಬಿಯಲ್ಲೇ ಮಾಡಬೇಕು. ತಾಮ್ರದ ಔಷಧಿಯನ್ನು ಮುಖ್ಯ ಟ್ಯಾಂಕಿಗೆ ಹಾಕಿದರೆ ಅಲ್ಲಿರುವ ಸಿಗಡಿ, ಬಸವನಹುಳುಗಳು ಉಳಿಯುವುದಿಲ್ಲ.

ಜೋಡಿ, ಮೊಟ್ಟೆ, ಮರಿ

ಜೋಡಿ ಬೇಕಿದ್ದರೆ ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ತಂದು ಬೆಳೆಸುವುದು ಸುರಕ್ಷಿತ. ಬೆಳೆದ ಎರಡು ಮೀನುಗಳನ್ನು ಬೇರೆ ಬೇರೆ ಕಡೆಯಿಂದ ತಂದು ಬಿಟ್ಟರೆ, ಎರಡೂ ಒಂದೇ ಲಿಂಗದವಾಗಿದ್ದಲ್ಲಿ ಒಂದು ಇನ್ನೊಂದನ್ನು ಕೊಲ್ಲುವವರೆಗೂ ಅಟ್ಟಬಹುದು. ಜೋಡಿ ಕೂಡಿದ ಮೇಲೆ ಮೂರನೆಯದಕ್ಕೆ ಆ ಟ್ಯಾಂಕಿನಲ್ಲಿ ಜಾಗವಿಲ್ಲ.

ನೀರು ಸ್ಥಿರವಾಗಿದ್ದು ಹೊಟ್ಟೆ ತುಂಬುತ್ತಿದ್ದರೆ ಹೆಣ್ಣು ಪಿವಿಸಿ ಪೈಪಿನ ಒಳಗೋಡೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಅಂಟಿಸುತ್ತದೆ. ಕಾವಲು ಗಂಡಿನದು. ರೆಕ್ಕೆ ಬೀಸಿ ನೀರಾಡಿಸುತ್ತ ಅದು ಪೈಪ್ ಬಿಟ್ಟು ಕದಲುವುದು ಅಪರೂಪ. ಸುಮಾರು ಒಂದು ವಾರಕ್ಕೆ ಮೊಟ್ಟೆ ಒಡೆಯುತ್ತದೆ. ಹೊರಬಂದ ಪಾರದರ್ಶಕ ಮರಿಗಳು ನೀರಿನಲ್ಲಿ ತೇಲಾಡುತ್ತವೆ. ಅವನ್ನು ಬೇರೆ ಪಾತ್ರೆಗೆ ವರ್ಗಾಯಿಸಿ, ಮೊದಲು ರೋಟಿಫರ್ ಎಂಬ ಸೂಕ್ಷ್ಮಜೀವಿಗಳನ್ನು, ಆಮೇಲೆ ಆಗಷ್ಟೇ ಒಡೆದ ಬ್ರೈನ್ ಶ್ರಿಂಪ್ ಮರಿಗಳನ್ನು ತಿನ್ನಿಸಬೇಕು. ರೋಟಿಫರ್‌ಗೆ ಹಸಿರು ಪಾಚಿನೀರು ಬೇಕಾದ್ದರಿಂದ ಮೊಟ್ಟೆ ಕಾಣುವ ಮೊದಲೇ ಅವೆರಡನ್ನೂ ಬೆಳೆಸಿಟ್ಟಿರಬೇಕು. ಮೂರರಿಂದ ಐದು ವಾರಗಳಲ್ಲಿ ಮರಿಗಳು ಗೆರೆ ಮೂಡಿಸಿಕೊಂಡು ತಳ ಹಿಡಿಯುತ್ತವೆ. ಮೊದಲ ತಂಡಗಳಲ್ಲಿ ಉಳಿಯುವುದು ಕೆಲವೇ. ಆದರೆ ಅದೇ ಜೋಡಿ ಕೆಲವು ವಾರಗಳಿಗೊಮ್ಮೆ ಮತ್ತೆ ಮೊಟ್ಟೆಯಿಡುವುದರಿಂದ ಕಲಿಯಲು ಅವಕಾಶ ಧಾರಾಳ. ಉಳಿದ ಮರಿಗಳನ್ನು ಹಂಚಿದರೆ ಇನ್ನೊಬ್ಬರು ಕಡಲಿನಿಂದ ಹಿಡಿದ ಮೀನು ಕೊಳ್ಳುವುದು ತಪ್ಪುತ್ತದೆ.

ಕಾನೂನು ಮತ್ತು ಹೊಣೆ

ಜೀವಂತ ಹವಳವನ್ನು, ಕಡಲಿನಿಂದ ಎತ್ತಿದ ಹವಳದ ಕಲ್ಲನ್ನು ಟ್ಯಾಂಕಿಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಕಲ್ಲುಹವಳಗಳನ್ನು 2001ರಲ್ಲಿ ಸೇರಿಸಲಾಗಿದೆ. ನಮ್ಮ ಕಡಲಿನ ಹವಳವನ್ನು ಕೀಳುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಅಂಗಡಿಯಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಅದು ಕಾನೂನುಬದ್ಧವಾಗುವುದಿಲ್ಲ.

ಸಾಕಲು ಆಗದಿದ್ದರೆ ಮೀನನ್ನು ಬೇರೆ ಸಾಕಣೆಗಾರರಿಗೆ ಕೊಡಿ. ಕಡಲಿಗೆ ಬಿಡಕೂಡದು. ನಮ್ಮ ಭಾಗದ ಸಮುದ್ರಗಳ ಲಯನ್‌ಫಿಶ್ 1980ರ ದಶಕದಲ್ಲಿ ಫ್ಲಾರಿಡಾದ ಕಡಲಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಿಂದ ಹೊರಬಿದ್ದವುಗಳೇ ಅದರ ಮೂಲವೆಂದು ವಿಜ್ಞಾನಿಗಳು ನಂಬುತ್ತಾರೆ. ಇಂದು ಅದು ಇಡೀ ಕೆರಿಬಿಯನ್‌ಗೆ ಹಬ್ಬಿ ಅಲ್ಲಿನ ಸಣ್ಣ ಮೀನುಗಳನ್ನು ನುಂಗುತ್ತಿದೆ.

ಕಡಲಿನಲ್ಲೇ ನೋಡಬಯಸುವವರಿಗೆ

ಫ್ಲಾರಿಡಾಕ್ಕೆ ಹೋಗುವವರು ಕೀ ಲಾರ್ಗೋದ ಜಾನ್ ಪೆನೆಕ್ಯಾಂಪ್ ಹವಳ ಉದ್ಯಾನದ ಸುತ್ತಮುತ್ತ ಸ್ನಾರ್ಕೆಲಿಂಗ್ ಮಾಡಿ ಈ ಮೀನನ್ನು ಹುಡುಕಬಹುದು. ಗುಂಡಗಿನ ಮಿದುಳುಹವಳದ ನೆತ್ತಿಯನ್ನು ನೋಡಿ. ಹತ್ತಿರ ಹೋಗದೆ ಅಲುಗಾಡದೆ ತೇಲಿದರೆ ಮೀನುಗಳು ಸರದಿಗೆ ಬಂದು ನಿಲ್ಲುವುದು ಕಾಣುತ್ತದೆ. ಹವಳದ ಮೇಲೆ ಕಾಲೂರಬೇಡಿ, ಕೈಯಿಂದ ಮುಟ್ಟಬೇಡಿ. ಬಿಸಿಲಿಗೆ ಮುಲಾಮು ಬಳಿಯುವ ಬದಲು ತುಂಬುತೋಳಿನ ಈಜುಡುಗೆ ತೊಡಿ. ಲಕ್ಷದ್ವೀಪ, ಅಂಡಮಾನ್‌ಗಳಿಗೆ ಹೋಗುವವರು ಇದೇ ಶುಚಿಕಾರ್ಯವನ್ನು ಕ್ಲೀನರ್ ರ‍್ಯಾಸ್ ಮಾಡುವುದನ್ನು ನೋಡಬಹುದು. ಆಗಲೂ ನಿಯಮ ಇದೇ.

ನೋಡುವ ಅವಕಾಶ ಕಿರಿದಾಗುತ್ತಿದೆ. 2014ರಲ್ಲಿ ಮಯಾಮಿ ಬಳಿ ಕಾಣಿಸಿಕೊಂಡ ಹವಳದ ಅಂಗಾಂಶ ನಾಶದ ರೋಗ ಇಪ್ಪತ್ತಕ್ಕೂ ಹೆಚ್ಚು ಜಾತಿಯ ಹವಳಗಳಿಗೆ ತಗಲಿ ಕೆರಿಬಿಯನ್‌ಗೂ ಹರಡಿದೆ. ಮಿದುಳುಹವಳ, ನಕ್ಷತ್ರಹವಳಗಳೇ ಅದಕ್ಕೆ ಹೆಚ್ಚು ಬಲಿಯಾದವು. ಅಂದರೆ ಗೋಬಿ ಕೂರುವ ಜಾಗಗಳೇ. 2023ರ ಬೇಸಗೆಯಲ್ಲಿ ಕಡಲು ವಿಪರೀತ ಬಿಸಿಯಾಗಿ ಫ್ಲಾರಿಡಾದ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು. ಇಷ್ಟು ಏಟು ತಿಂದ ದಿಬ್ಬದಿಂದ ನಮ್ಮ ಮನೆಯ ಚೆಂದಕ್ಕಾಗಿ ಒಂದು ಮೀನನ್ನೂ ಕೀಳುವುದು ನ್ಯಾಯವಲ್ಲ. ಟ್ಯಾಂಕಿನಲ್ಲಿ ಹುಟ್ಟಿದ ಮೀನು ಸಿಗುವಾಗ ಹಾಗೆ ಮಾಡುವ ಅಗತ್ಯವೂ ಇಲ್ಲ.

ಆದ್ದರಿಂದ ಆರು ವಾರ ನೀರನ್ನು ಹದ ಮಾಡಿ, ಟ್ಯಾಂಕಿನಲ್ಲಿ ಹುಟ್ಟಿದ ಒಂದು ಜೋಡಿ ಗೋಬಿ ತನ್ನಿ, ಒಂದು ವರ್ಷ ಅವುಗಳೊಂದಿಗೆ ಕಲಿಯಿರಿ. ಅಂಥ ಗೋಬಿ ಸಿಗದಿದ್ದರೆ ಟ್ಯಾಂಕಿನಲ್ಲಿ ಹುಟ್ಟಿದ ಕ್ಲೌನ್‌ಫಿಶ್‌ನಿಂದ ಶುರು ಮಾಡಿ, ಗೋಬಿ ಸಿಗುವವರೆಗೆ ಕಾಯಿರಿ. ಗಿರಾಕಿಗಳು ಕೇಳತೊಡಗಿದರೆ ಅಂಗಡಿಯವರು ತರಿಸತೊಡಗುತ್ತಾರೆ. ಕೇಳುವ ಕೆಲಸ ನಮ್ಮದು.